ದೂರವಿದ್ದೂ ಜೊತೆಗಿರುವುದು

ದಾಂಡೇಲಿಯಿಂದ ಅಂಬಿಕಾನಗರದ ಹಾದಿ ಹಿಡಿದರೆ ಕಾಡಿನ ನಡುವೆ ಕುಳಗಿ ಸಿಗುತ್ತದೆ. ಅಲ್ಲಿರುವ ಅರಣ್ಯ ಇಲಾಖೆಯ ಪ್ರಕೃತಿ ಶಿಬಿರಕ್ಕೆ ವಿದ್ಯಾರ್ಥಿಗಳು ಬರುವುದುಂಟು. ಕಾಡಿಗೆ ಹೊರಟವರಿಗೆ ಹಿರಿಯರು ಹೇಳುವ ಬುದ್ಧಿಮಾತು ಚಿಕ್ಕದು: ಒಬ್ಬರನ್ನೊಬ್ಬರು ತುಳಿಯುವಂತೆ ನಡೆಯಬೇಡಿ, ಒಬ್ಬರ ಕಣ್ಣಿಗೆ ಒಬ್ಬರು ಮರೆಯಾಗಲೂ ಬೇಡಿ. ಸಾಂಕ್ರಾಮಿಕ ರೋಗ ಬಂದಾಗ ಕಾಲೇಜೊಂದು ನಡೆದುಕೊಳ್ಳಬೇಕಾದ ರೀತಿಯೂ ಇದೇ ಎಂದು ನನಗೆ ತೋರುತ್ತದೆ.

2020ರ ಮಾರ್ಚ್ ತಿಂಗಳನ್ನು ನೆನೆಯಿರಿ. ಕೋವಿಡ್ ರೋಗದಿಂದ ಭಾರತದಲ್ಲಿ ಮೊದಲ ಸಾವು ಸಂಭವಿಸಿದ್ದು ನಮ್ಮ ಕಲಬುರಗಿಯಲ್ಲಿ. ಅದಾದ ಕೆಲವೇ ದಿನಗಳಲ್ಲಿ ರಾಜ್ಯದ ಕಾಲೇಜುಗಳ ಬಾಗಿಲು ಮುಚ್ಚಿತು. ಒಂದು ವಾರವೆಂದು ಹೇಳಿದ ರಜೆ ತಿಂಗಳುಗಟ್ಟಲೆ ಬೆಳೆಯಿತು. ಪದವಿ ತರಗತಿಗಳು ಮತ್ತೆ ತೆರೆಯತೊಡಗಿದ್ದು ಆ ವರ್ಷದ ನವೆಂಬರ್ 17ರಂದು. ಹಾಸ್ಟೆಲುಗಳು ಬರಿದಾದವು. ಮಕ್ಕಳು ಹಳ್ಳಿ ಸೇರಿದರು. ಪಾಠ ಮೊಬೈಲಿಗೆ ಬಂತು.

ಆದರೆ ಮೊಬೈಲು ಎಲ್ಲರಿಗೂ ಒಂದೇ ಅಲ್ಲ. ಜೊಯಿಡಾದಂಥ ಕಾಡಿನ ಸೀಮೆಯಲ್ಲಿ, ಮಲೆನಾಡಿನ ಮೂಲೆಗಳಲ್ಲಿ, ಸಿಗ್ನಲಿಗಾಗಿ ಗುಡ್ಡ ಹತ್ತಿ ಕುಳಿತ ವಿದ್ಯಾರ್ಥಿಗಳೆಷ್ಟೋ. ಮನೆಗೆ ಒಂದೇ ಫೋನಿದ್ದು, ಅದೂ ತಂದೆಯೊಡನೆ ಕೆಲಸಕ್ಕೆ ಹೋದರೆ ಮಗಳ ಪಾಠ ಅಲ್ಲಿಗೆ ನಿಂತಿತು. ಹಾಜರಿ ಪಟ್ಟಿಯಲ್ಲಿ ಹೆಸರು ಇರುತ್ತದೆ, ಹುಡುಗಿ ಇರುವುದಿಲ್ಲ. ಸೋಂಕಿನಿಂದ ಅವಳು ಸುರಕ್ಷಿತಳಾಗಿದ್ದಳು, ನಿಜ. ಆದರೆ ಕಾಲೇಜು ಅವಳನ್ನು ಕಳೆದುಕೊಂಡಿತು. ಈ ನಷ್ಟವನ್ನು ಯಾವ ಆಸ್ಪತ್ರೆಯೂ ಎಣಿಸುವುದಿಲ್ಲ.

ಬಾಗಿಲು ತೆರೆದ ಮೇಲಿನ ಪಾಠವೊಂದು ಧಾರವಾಡದಿಂದ ಬಂತು. 2021ರ ನವೆಂಬರ್ 25ರಂದು ಅಲ್ಲಿನ ವೈದ್ಯಕೀಯ ಕಾಲೇಜೊಂದರಲ್ಲಿ 66 ವಿದ್ಯಾರ್ಥಿಗಳಿಗೆ ಸೋಂಕು ತಗುಲಿರುವುದು ತಿಳಿಯಿತು. ಎರಡೇ ದಿನಗಳಲ್ಲಿ ಸಿಬ್ಬಂದಿಯೂ ಸೇರಿ ಆ ಸಂಖ್ಯೆ 281ಕ್ಕೆ ಮುಟ್ಟಿತು. ಕೆಲವು ದಿನಗಳ ಹಿಂದೆ ಆವರಣದಲ್ಲಿ ಒಂದು ಸಂತೋಷಕೂಟ ನಡೆದಿತ್ತು. ಅವರಲ್ಲಿ ಬಹುಪಾಲು ಜನ ಲಸಿಕೆಯ ಎರಡೂ ಡೋಸು ಪಡೆದವರು. ರೋಗ ಹೆಚ್ಚಿನವರಲ್ಲಿ ಸೌಮ್ಯವಾಗಿಯೇ ಇತ್ತು. ಲಸಿಕೆ ಪ್ರಾಣ ಕಾಯುತ್ತದೆ. ಆದರೆ ಮುಚ್ಚಿದ ಕೋಣೆಯಲ್ಲಿ ಜನ ತುಂಬಿದರೆ ಗಾಳಿಯಲ್ಲಿ ಹರಡುವ ಸೋಂಕನ್ನು ಅದು ಪೂರ್ತಿ ತಡೆಯಲಾರದು.

ಹಾಗೆಂದು ಯುವಕರ ಸಂತೋಷವನ್ನೇ ದೂರುವುದೇ? ಎರಡು ವರ್ಷ ಮುಖ ನೋಡದವರು ಕೂಡಿ ನಗಬೇಕೆಂಬುದು ತಪ್ಪಲ್ಲ. ಕೂಟ ಬೇಡವೆನ್ನುವುದಕ್ಕಿಂತ, ಕೂಟವನ್ನು ಮರದ ನೆರಳಿಗೆ ತರುವುದು ಜಾಣತನ. ಕಿಟಕಿ ತೆರೆದ ತರಗತಿ, ಸಣ್ಣ ಗುಂಪು, ಬಯಲಿನ ನಾಟಕ, ಮೈದಾನದ ಆಟ: ಇವುಗಳಿಗೆ ಹೆಚ್ಚಿನ ಹಣ ಬೇಡ.

ಇನ್ನೊಂದು ಮಾತನ್ನು ನಮ್ಮ ಕಾಡುಗಳೇ ಕಲಿಸಿವೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಮೊದಲು ಗುರುತಿಗೆ ಬಂತು. ಉಣುಗು ಕಚ್ಚಿ ಹರಡುವ ಈ ರೋಗ ಉತ್ತರ ಕನ್ನಡವನ್ನೂ ಕಾಡಿದೆ. ಕಾಡಿನಲ್ಲಿ ಮಂಗ ಸತ್ತು ಬಿದ್ದುದನ್ನು ಕಂಡವನು ಆರೋಗ್ಯ ಇಲಾಖೆಗೆ ತಿಳಿಸಿದರೆ ಊರೆಲ್ಲ ಎಚ್ಚರವಾಗುತ್ತದೆ. ತಿಳಿಸಿದವನನ್ನು ಯಾರೂ ತಪ್ಪಿತಸ್ಥನೆನ್ನುವುದಿಲ್ಲ. ಹಾಸ್ಟೆಲಿನಲ್ಲಿ ಮಾತ್ರ, ‘ನನಗೆ ಜ್ವರ’ ಎಂದ ಹುಡುಗನನ್ನು ಕಂಡು ಉಳಿದವರು ದೂರ ಸರಿಯುತ್ತಾರೆ; ಹಾಜರಿ ಕಡಿಮೆಯಾದೀತೆಂದು ಅವನೂ ಹೆದರುತ್ತಾನೆ. ಆದುದರಿಂದ ಜ್ವರವನ್ನು ಮುಚ್ಚಿಡುತ್ತಾನೆ. ಮುಚ್ಚಿಟ್ಟ ಜ್ವರವೇ ಎಲ್ಲರಿಗೂ ಹಬ್ಬುವುದು.

ಹೇಳಿದವನಿಗೆ ನಷ್ಟವಾಗದಂತೆ ಮಾಡುವುದು ಕಾಲೇಜಿನ ಮೊದಲ ಕರ್ತವ್ಯ. ಗಾಳಿ ಬೆಳಕಿನ ಪ್ರತ್ಯೇಕ ಕೋಣೆ, ಹೊತ್ತಿಗೆ ಸರಿಯಾಗಿ ಊಟ, ಓದಲು ಪುಸ್ತಕ, ದಿನಕ್ಕೊಮ್ಮೆ ಬಾಗಿಲ ಹೊರಗೆ ನಿಂತು ‘ಹೇಗಿದ್ದೀಯಪ್ಪ?’ ಎಂದು ಕೇಳುವ ಒಬ್ಬ ಅಧ್ಯಾಪಕ. ಹಾಜರಿಯ ವಿನಾಯಿತಿಯನ್ನು ಮೊದಲೇ ಬರೆದು ಫಲಕಕ್ಕೆ ಹಚ್ಚಬೇಕು.

ಬಾಗಿಲು ಮುಚ್ಚಲೇಬೇಕಾದ ಕಾಲಕ್ಕೂ ಒಂದು ಉಪಾಯವಿದೆ. ಅಧ್ಯಾಪಕರು ತಲೆಗೆ ಹದಿನೈದು ವಿದ್ಯಾರ್ಥಿಗಳನ್ನು ಹಂಚಿಕೊಂಡು, ವಾರಕ್ಕೊಮ್ಮೆ ಪ್ರತಿಯೊಬ್ಬರ ದನಿ ಕೇಳಲಿ. ಸಿಗ್ನಲ್ ಮುಟ್ಟದ ಊರಿಗೆ ಅಚ್ಚಾದ ಪಾಠ ಅಂಚೆಯಲ್ಲಿ ಹೋಗಲಿ. 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ಘಟಕಗಳು ಎಷ್ಟೋ ಕಾಲೇಜುಗಳಲ್ಲಿವೆ. ಆ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನಲ್ಲಿಯೇ ಇದ್ದು ವೃದ್ಧರಿಗೆ ಔಷಧಿ ತಂದುಕೊಡಬಹುದು, ಲಸಿಕೆಯ ವಿಷಯ ತಿಳಿಸಬಹುದು. ಕೈಗೆ ಕೆಲಸವಿದ್ದ ಮನಸ್ಸು ಕುಗ್ಗುವುದು ಕಡಿಮೆ. ಅಡಿಗೆಯವರು, ಕಾವಲುಗಾರರು, ಕಸಗುಡಿಸುವವರು ಕೂಡ ಕಾಲೇಜಿನವರೇ ಎಂಬುದನ್ನು ಮರೆಯಬಾರದು. ಅವರ ಸಂಬಳ, ಅವರ ಲಸಿಕೆ ಕೊನೆಯ ಸಾಲಿಗೆ ಬೀಳಬಾರದು.

ಸುರಕ್ಷತೆ ಬೇರೆ, ಸಂಬಂಧ ಬೇರೆ ಎಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ಅವು ಜೋಡೆತ್ತುಗಳು. ತನ್ನನ್ನು ವಿಚಾರಿಸುವವರು ಇದ್ದಾರೆಂದು ಬಲ್ಲ ವಿದ್ಯಾರ್ಥಿ ನಿಯಮವನ್ನು ಪಾಲಿಸುತ್ತಾನೆ, ಜ್ವರ ಬಂದರೆ ಹೇಳುತ್ತಾನೆ, ಬಾಗಿಲು ತೆರೆದ ದಿನ ಮರಳಿ ಬರುತ್ತಾನೆ. ನಿಮ್ಮ ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಒಂದು ಪ್ರಶ್ನೆ ಕೇಳಿ ನೋಡಿ: ‘ನೀನು ಒಂದು ವಾರ ಕಾಣದಿದ್ದರೆ ನಿನ್ನ ಕಾಲೇಜಿನಲ್ಲಿ ಯಾರು ಹುಡುಕುತ್ತಾರೆ?’ ಅವರು ಒಂದು ಹೆಸರನ್ನಾದರೂ ಥಟ್ಟನೆ ಹೇಳಿದರೆ, ಆ ಕಾಲೇಜು ಮುಂದಿನ ಕಷ್ಟಕ್ಕೆ ಅರ್ಧ ಸಿದ್ಧವಾದಂತೆಯೇ.