ಮಕ್ಕಳಿಗೆ ವೈರಸ್ ತೋರಿಸೋದು ಹೇಗೆ?

ನಾವು ಐಟಿಯವರು ಅಂತ ಗೊತ್ತಾದ ಕೂಡಲೇ ಮಕ್ಕಳ ಶಾಲೆಯವರು ಕೇಳ್ತಾರೆ: "ಸರ್, ಸೈಬರ್ ಸೆಕ್ಯುರಿಟಿ ಬಗ್ಗೆ ಒಂದು ಕ್ಲಾಸ್ ತಗೊಳ್ಳಿ, ವೈರಸ್ ತೋರಿಸಿ." ತೋರಿಸೋಣ, ಆದರೆ ನಿಜವಾದದ್ದು ಬೇಡ. ಒಂದು ಕಂಪ್ಯೂಟರ್‌ಗೆ ತಗುಲಿದ್ದು ನೆಟ್‌ವರ್ಕ್ ಹಿಡಿದು ಇಡೀ ಲ್ಯಾಬ್‌ಗೆ ಹರಡಬಹುದು. 2017ರಲ್ಲಿ ವಾನಾಕ್ರೈ ಹರಡಿದ್ದು ಹಾಗೇನೇ.

ನಾನು ಬಳಸೋದು ಐಕಾರ್ ಟೆಸ್ಟ್ ಫೈಲ್. ಬರೀ 68 ಅಕ್ಷರ, ಯಾವ ಹಾನಿಯೂ ಇಲ್ಲ. ಪರೀಕ್ಷೆಗೆಂದೇ ಮಾಡಿದ್ದರಿಂದ ಆಂಟಿವೈರಸ್ ಅದನ್ನು ವೈರಸ್ ಅಂತಲೇ ಹಿಡಿಯುತ್ತೆ. ಲ್ಯಾಬ್ ನೋಡಿಕೊಳ್ಳುವವರಿಗೆ ಮೊದಲೇ ತಿಳಿಸಿ, ಇಲ್ಲಾಂದ್ರೆ ಅಲರ್ಟ್ ನೋಡಿ ಗಾಬರಿಯಾಗ್ತಾರೆ.

ಆಮೇಲೆ, ಪಾಸ್‌ವರ್ಡ್ ಹಾಕಿ ಜಿಪ್ ಮಾಡಿಟ್ಟ ಅದೇ ಫೈಲ್ ತೋರಿಸ್ತೀನಿ. ಸಾಮಾನ್ಯವಾಗಿ ಆಂಟಿವೈರಸ್ ಸುಮ್ಮನಿರುತ್ತೆ. ಒಳಗೇನಿದೆ ಅಂತ ಅದಕ್ಕೆ ಕಾಣಲ್ಲ. ನಿಜವಾದ ಪಾಠ ಇಲ್ಲಿದೆ: ಅದಕ್ಕೆ ಕಾಣದ್ದನ್ನು ನಾವು ಕಾಣಬೇಕು. ವಾಟ್ಸಾಪ್‌ನಲ್ಲಿ ಬಂದ ಮದುವೆ ಕರೆಯೋಲೆಯ ಹೆಸರು 'ಎಪಿಕೆ' ಅಂತ ಮುಗಿದರೆ ಅದು ಕರೆಯೋಲೆ ಅಲ್ಲ, ಆ್ಯಪ್. ಮಗುವಿನ ಕೈಯಲ್ಲಿರೋದು ನಮ್ಮದೇ ಫೋನು, ಅದರಲ್ಲೇ ನಮ್ಮ ಯುಪಿಐ.

ಒತ್ತಿಬಿಟ್ಟೆ ಅಂತ ಮಗು ಬಂದು ಹೇಳಿದರೆ ಬೈಬೇಡಿ. ಬೈದರೆ ಮುಂದಿನ ಸಲ ಮುಚ್ಚಿಡುತ್ತೆ. ಮೊದಲು ಇಂಟರ್‌ನೆಟ್ ಆಫ್ ಮಾಡಿ. ದುಡ್ಡು ಹೋಗಿದ್ದರೆ ತಕ್ಷಣ ಬ್ಯಾಂಕಿಗೂ 1930ಕ್ಕೂ ಫೋನ್ ಮಾಡಿ.

ಹೋಮ್‌ವರ್ಕ್ ಒಂದೇ: ಈ ಭಾನುವಾರ ಊರಿಗೆ ಫೋನ್ ಮಾಡಿದಾಗ ಅಜ್ಜ-ಅಜ್ಜಿಗೆ ಇದನ್ನೆಲ್ಲ ಮಗುವೇ ಕನ್ನಡದಲ್ಲಿ ಹೇಳಿಕೊಡಲಿ.