ಉದ್ಧಾರ ಆಗದವರು ಯಾರು?

(ಸುವರ್ಣ ಮಹೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಅಂದೋಲಾ ಶಾಲೆಯ ವಿದ್ಯಾರ್ಥಿಯಲ್ಲ, ಇಲ್ಲಿ ನೌಕರಿ ಮಾಡಿದವನೂ ಅಲ್ಲ. ಬೇರೆ ತಾಲ್ಲೂಕಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ನಿಮ್ಮ ಹಳೆಯ ವಿದ್ಯಾರ್ಥಿಗಳು ಬಂದು, "ಸರ್, ನೀವು ಮಹಾಭಾರತದ ಖಳನಾಯಕರ ಬಗ್ಗೆ ಮಾತಾಡ್ರಿ, ನಮ್ಮ ಹುಡುಗರು ಸಿನಿಮಾದ ವಿಲನ್‌ಗಳ ಮ್ಯಾಲ ದಿನಾ ಜಗಳ ಮಾಡ್ಲತ್ತಾರ" ಎಂದರು. ಯಾವ ವಿಲನ್ ಒಳ್ಳೆಯವನಾಗಬಲ್ಲ, ಯಾವನು ಎಂದೂ ಆಗಲಾರ ಎಂಬುದು ಹುಡುಗರ ಜಗಳವಂತೆ. ಒಪ್ಪಿಕೊಂಡೆ. ಏಕೆಂದರೆ ಇದು ಹೊಸ ಜಗಳವಲ್ಲ. ನಾನು ಚಿಕ್ಕವನಿದ್ದಾಗ ರಾತ್ರಿಯಿಡೀ ಬಯಲಾಟ ನೋಡಿ, ಬೆಳಗಾದ ಮೇಲೆ ಅಗಸಿ ಕಟ್ಟೆಯ ಮೇಲೆ ಕುಳಿತು ದೊಡ್ಡವರು ಮಾಡುತ್ತಿದ್ದುದೂ ಇದೇ ಜಗಳ. ದುರ್ಯೋಧನನದು ತಪ್ಪೋ, ಧರ್ಮರಾಜನದು ತಪ್ಪೋ? ಹೊಲಕ್ಕೆ ಹೋಗುವುದು ತಡವಾದರೂ ವಾದ ಮುಗಿಯುತ್ತಿರಲಿಲ್ಲ.

ಈ ಜಗಳಕ್ಕೆ ನಮ್ಮ ಭಾಷೆಯಲ್ಲಿ ಒಂದು ಶಬ್ದವಿದೆ. ಇಲ್ಲಿ ಕುಳಿತ ಹಳೆಯ ವಿದ್ಯಾರ್ಥಿಗಳೆಲ್ಲ ಅದನ್ನು ಕೇಳಿಯೇ ಬೆಳೆದವರು. ಲೆಕ್ಕ ತಪ್ಪಿದಾಗ, ಮನೆಪಾಠ ಬರೆಯದಿದ್ದಾಗ, ಗೋಡೆ ಹಾರಿ ಜಾತ್ರೆಗೆ ಹೋದಾಗ ಮಾಸ್ತರು ಅಂದದ್ದು: "ನೀ ಉದ್ಧಾರ ಆಗಂಗಿಲ್ಲ ಮಗನ." ನಗುತ್ತಿದ್ದೀರಿ. ನಕ್ಕವರೆಲ್ಲ ಉದ್ಧಾರವಾಗಿದ್ದೀರಿ, ಅದಕ್ಕೆ ನಗು ಬರುತ್ತದೆ. ಆದರೆ ಉದ್ಧಾರ ಎಂಬುದು ಸಣ್ಣ ಶಬ್ದವಲ್ಲ. ಬಿದ್ದವನನ್ನು ಮೇಲಕ್ಕೆತ್ತುವುದು ಎಂದು ಅದರ ಅರ್ಥ. ಎತ್ತಲಾಗದಷ್ಟು ಕೆಳಗೆ ಬಿದ್ದವರು ಇದ್ದಾರೆಯೆ ಎಂಬುದೇ ಇವತ್ತಿನ ಪ್ರಶ್ನೆ.

ರನ್ನನಿಂದ ಶುರು ಮಾಡುತ್ತೇನೆ. ಮುಧೋಳದ ಬಳೆಗಾರರ ಮನೆಯ ಹುಡುಗ, ಹುಟ್ಟಿದ್ದು 949ರಲ್ಲಿ. ನಮ್ಮ ಜಿಲ್ಲೆಯ ಮಳಖೇಡದಿಂದ ಆಳುತ್ತಿದ್ದ ರಾಷ್ಟ್ರಕೂಟರನ್ನು 973ರಲ್ಲಿ ಸೋಲಿಸಿದವನು ಚಾಲುಕ್ಯ ತೈಲಪ. ಆ ತೈಲಪನಿಂದ ಕವಿಚಕ್ರವರ್ತಿ ಎನಿಸಿಕೊಂಡ ರನ್ನ, ಅವನ ಮಗ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ 'ಗದಾಯುದ್ಧ' ಬರೆದ. ಕಾವ್ಯದ ಇನ್ನೊಂದು ಹೆಸರೇ 'ಸಾಹಸಭೀಮ ವಿಜಯ'. ಅಂದರೆ ನಾಯಕ ಭೀಮ, ಅನ್ನ ಹಾಕಿದ ದೊರೆಯೇ ಭೀಮ. ದುರ್ಯೋಧನನನ್ನು ಎಷ್ಟು ಕೆಟ್ಟವನನ್ನಾಗಿ ಬರೆದರೆ ಅಷ್ಟು ಬಹುಮಾನ ಸಿಗಬಹುದಿತ್ತು.

ಆದರೆ ರನ್ನ ಮಾಡಿದ್ದೇನು? ಸೋತ ದುರ್ಯೋಧನನನ್ನು ಸಂಜಯನ ಜೊತೆ ಹೆಣಗಳ ನಡುವೆ ನಡೆಸಿದ. ಅವನು ದ್ರೋಣನ ಶವ ಕಾಣುತ್ತಾನೆ, ತಮ್ಮ ದುಶ್ಶಾಸನನ ಶವ ಕಾಣುತ್ತಾನೆ, ಕರ್ಣನ ಶವದ ಮುಂದೆ ಕುಸಿಯುತ್ತಾನೆ. ಮಗ ಲಕ್ಷಣಕುಮಾರನ ಮುಂದೆ ನಿಂತು, ಮಗ ನನಗೆ ಬಿಡಬೇಕಾದ ತರ್ಪಣವನ್ನು ನಾನು ಮಗನಿಗೆ ಬಿಡುವಂತಾಯಿತಲ್ಲ ಎಂದು ಅಳುತ್ತಾನೆ. ಅಭಿಮನ್ಯುವಿನ ಶವವನ್ನೂ ಕಾಣುತ್ತಾನೆ. ಅವನು ವೈರಿಯ ಮಗ, ತನ್ನವರೇ ಮೋಸದಿಂದ ಸುತ್ತುವರಿದು ಕೊಂದ ಹುಡುಗ. ದುರ್ಯೋಧನ ಅಲ್ಲಿ ಕೈಮುಗಿದು ಆ ಹುಡುಗನ ಶೌರ್ಯ ಹೊಗಳುತ್ತಾನೆ, ನಿನ್ನಂಥ ಸಾವು ನನಗೂ ಬರಲಿ ಎಂದು ಕೇಳಿಕೊಳ್ಳುತ್ತಾನೆ. ಹತ್ತನೆಯ ಇಯತ್ತೆಯ ಹುಡುಗರಿಗೆ ರನ್ನನನ್ನು ಕಲಿಸುವಾಗ ನಾನು ಪ್ರತಿ ವರ್ಷ ಈ ಭಾಗವನ್ನೂ ಹೇಳುತ್ತಿದ್ದೆ. ಗದ್ದಲ ಮಾಡುವ ಹಿಂದಿನ ಬೆಂಚೂ ಅಲ್ಲಿಗೆ ಬಂದಾಗ ಸುಮ್ಮನಾಗುತ್ತಿತ್ತು.

ರಾವಣನ ಮಾತೂ ಹೀಗೆಯೇ. ನಾಗಚಂದ್ರ, ಅಂದರೆ ಅಭಿನವ ಪಂಪ, ಜೈನ ಸಂಪ್ರದಾಯದ ರಾಮಾಯಣ ಬರೆದ. ಅವನ ರಾವಣನಿಗೆ ಹತ್ತು ತಲೆಯ ರಾಕ್ಷಸನ ವೇಷವಿಲ್ಲ. ಒಲ್ಲದ ಹೆಣ್ಣನ್ನು ಮುಟ್ಟುವುದಿಲ್ಲವೆಂದು ವ್ರತ ತೊಟ್ಟವನು, ಸೀತೆಯ ವಿಷಯದಲ್ಲಿ ಒಮ್ಮೆ ಜಾರುತ್ತಾನೆ. ಕೊನೆಗೆ ಅವಳ ಸಂಕಟ ನೋಡಿ ಅವನ ಮನಸ್ಸು ತಿರುಗುತ್ತದೆ, ಸೀತೆಯನ್ನು ಒಪ್ಪಿಸಬೇಕು ಎನ್ನಿಸುತ್ತದೆ. ಆದರೆ ಈಗಲೇ ಒಪ್ಪಿಸಿದರೆ ಜನ ಹೆದರಿದ ಅಂದಾರು, ಮೊದಲು ಯುದ್ಧದಲ್ಲಿ ಗೆದ್ದು ಆಮೇಲೆ ಒಪ್ಪಿಸುತ್ತೇನೆ ಎಂದುಕೊಳ್ಳುತ್ತಾನೆ. ಆ 'ಆಮೇಲೆ' ಬರುವುದೇ ಇಲ್ಲ, ಲಕ್ಷ್ಮಣನ ಕೈಯಲ್ಲಿ ಸಾಯುತ್ತಾನೆ. ಬಿ.ಎಂ.ಶ್ರೀಕಂಠಯ್ಯನವರು ಗ್ರೀಕ್ ದುರಂತ ನಾಟಕಗಳ ಅಳತೆಗೋಲು ಹಿಡಿದು ಈ ರಾವಣನ ಮೇಲೆ ಲೇಖನ ಬರೆದರು. ನನಗನ್ನಿಸುವುದು, ಗ್ರೀಸಿನವರೆಗೆ ಹೋಗದೆಯೂ ಇದು ನಮಗೆ ತಿಳಿಯುತ್ತದೆ. ಭಾಗದ ಜಗಳದಲ್ಲಿ ತಮ್ಮನಿಗೆ ಕೊಡಬೇಕಾದ ಎರಡು ಎಕರೆ ಕೊಡಲು ಮನಸ್ಸಿದ್ದೂ, ಜನ ಏನಂದಾರು ಎಂದು ಕೋರ್ಟಿಗೆ ಅಲೆಯುವ ಅಣ್ಣಂದಿರನ್ನು ಯಾರು ನೋಡಿಲ್ಲ?

ಆಮೇಲೆ ಕುವೆಂಪು ಬಂದರು. ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದ 'ಶ್ರೀರಾಮಾಯಣ ದರ್ಶನಂ'ದಲ್ಲಿ ಮಂಥರೆಯನ್ನೂ ಬಿಡಲಿಲ್ಲ. ನಮ್ಮ ಹೆಂಗಸರು ಜಗಳದಲ್ಲಿ ಬೈಗುಳವಾಗಿ ಬಳಸುವ ಆ ಗೂನು ಮುದುಕಿಯ ಕೆಡುಕಿನ ಹಿಂದೆ ಭರತನ ಮೇಲಿನ ಮಮತೆಯನ್ನು ಕಂಡರು.

ಓದು ಬಾರದ ನಮ್ಮ ಹಿರಿಯರೂ ಕವಿಗಳಿಗಿಂತ ಹಿಂದೆ ಬಿದ್ದಿರಲಿಲ್ಲ. ಶಕುನಿಯ ಕಥೆ ನಿಮಗೆಲ್ಲ ಗೊತ್ತು. ಅವನ ತಂದೆಯನ್ನೂ ಅಣ್ಣತಮ್ಮಂದಿರನ್ನೂ ಕೌರವರು ಸೆರೆಯಲ್ಲಿಟ್ಟು ತಲೆಗೊಂದು ಅಗಳು ಅನ್ನ ಕೊಟ್ಟರಂತೆ. ಒಬ್ಬನಾದರೂ ಬದುಕಿ ಸೇಡು ತೀರಿಸಲಿ ಎಂದು ಎಲ್ಲರೂ ತಮ್ಮ ಅಗಳನ್ನು ಶಕುನಿಗೆ ಕೊಟ್ಟು ಸತ್ತರಂತೆ. ತಂದೆಯ ಎಲುಬಿನಿಂದಲೇ ಪಗಡೆಯ ದಾಳ ಮಾಡಿದನಂತೆ. ವ್ಯಾಸರ ಭಾರತದಲ್ಲಿ ಈ ಕಥೆಯಿಲ್ಲ. ಇಷ್ಟು ಕೆಟ್ಟವನಾಗಲು ಇವನಿಗೆ ಏನಾಗಿರಬೇಕು ಎಂದು ಕೇಳಿಕೊಂಡ ಜನರೇ ಇದನ್ನು ಕಟ್ಟಿದರು.

ದೊಡ್ಡಾಟದ ಕಟ್ಟಳೆಯನ್ನೇ ನೋಡಿ. ಪಾತ್ರ ರಂಗಕ್ಕೆ ಬಂದ ಕೂಡಲೆ ಸಾರಥಿ ಎದುರು ನಿಂತು ನೀನು ಯಾರು, ಎಲ್ಲಿಯವನು, ಬಂದ ಕಾರಣವೇನು ಎಂದು ಕೇಳುತ್ತಾನೆ. ರಾಮನಿಗೂ ಕೇಳುತ್ತಾನೆ, ರಾವಣನಿಗೂ ಕೇಳುತ್ತಾನೆ. ಕಿರೀಟ, ಭುಜಕೀರ್ತಿ ಕಟ್ಟಿಕೊಂಡು ಕಟ್ಟಿಗೆ ಅದುರುವಂತೆ ಕುಣಿದು ಬಂದ ದುಷ್ಟನೂ ಮೊದಲು ತನ್ನ ಕಥೆಯನ್ನು ತಾನೇ ಹೇಳಿಕೊಳ್ಳಬೇಕು. ಕೇಳದೆ ಯಾರನ್ನೂ ಕೊಲ್ಲುವ ರೂಢಿ ನಮ್ಮ ಬಯಲಾಟದಲ್ಲಿಲ್ಲ. ಈಗಿನ ಸಿನಿಮಾದ ವಿಲನ್‌ಗಳಿಗೆ ಈ ಅವಕಾಶ ಕಡಿಮೆ. ಮೀಸೆ ತಿರುವಿ, ನಾಲ್ಕು ಜನರನ್ನು ಹೊಡೆದು, ಕೊನೆಗೆ ಹೊಡೆತ ತಿಂದು ಹೋಗುತ್ತಾರೆ. ವಜ್ರಮುನಿಯವರಂಥ ನಟರು ಮಾತ್ರ ಬರೀ ಕಣ್ಣಿನಿಂದ ತಮ್ಮ ಕಥೆ ಹೇಳಿಬಿಡುತ್ತಿದ್ದರು.

ಹೀಗೆಲ್ಲ ನಾನು ತರಗತಿಯಲ್ಲಿ ಬಹಳ ವರ್ಷ ಹೇಳಿದೆ. ಕೆಟ್ಟವರೆಲ್ಲ ಒಳಗೆ ಒಳ್ಳೆಯವರು ಎಂಬಂತೆ ಆಗಿಹೋಗಿತ್ತು ನನ್ನ ಪಾಠ. ಒಂದು ದಿನ ದುರ್ಯೋಧನನ ದುಃಖವನ್ನು ಬಣ್ಣಿಸುತ್ತಿದ್ದಾಗ ಮೂರನೆಯ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ನೀವು ದುರ್ಯೋಧನ ದೊಡ್ಡಾಂವ ಅಂತ ಹೇಳ್ಲತ್ತೀರಿ. ದ್ರೌಪದಿಗಿ ಕೇಳೀರೇನ್ರಿ?"

ತರಗತಿ ನಕ್ಕಿತು. ನಾನೂ ನಕ್ಕು ಕೂರಿಸಿದೆ. ಮನೆಗೆ ಹೋಗಿ ಮತ್ತೆ ರನ್ನನನ್ನು ತೆಗೆದೆ. ಕಾವ್ಯದ ಆರಂಭದಲ್ಲೇ ದ್ರೌಪದಿ ಭೀಮನ ಮುಂದೆ ಬಂದು ನಿಂತಿದ್ದಾಳೆ. ಎಲ್ಲಿ ಸಂಧಿಯಾಗಿಬಿಡುತ್ತದೋ, ತನ್ನ ಮುಡಿಯ ಮಾತು ಎಲ್ಲಿ ಮರೆತುಹೋಗುತ್ತದೋ ಎಂಬ ಆತಂಕ ಅವಳದು. ರನ್ನ ಅವಳ ಮಾತು ಕೇಳಿಸಿದ ಮೇಲೆಯೇ ದುರ್ಯೋಧನನ ಅಳು ಕೇಳಿಸಿದ್ದು. ನಾನು ಮೊದಲಿನದನ್ನು ಬಿಟ್ಟು ಎರಡನೆಯದನ್ನು ಮಾತ್ರ ಕಲಿಸುತ್ತಿದ್ದೆ. ಆ ಹುಡುಗಿಗೆ ಮರುದಿನ ತರಗತಿಯಲ್ಲಿ, ನೀನು ಕೇಳಿದ್ದು ಸರಿ ಎಂದೆ.

ಅಲ್ಲಿಂದ ನನ್ನ ವಿಚಾರ ಸ್ವಲ್ಪ ಬದಲಾಯಿತು. ಖಳನಾಯಕ ಉದ್ಧಾರವಾದನೋ ಇಲ್ಲವೋ ಎಂದು ತೀರ್ಮಾನಿಸುವ ಹಕ್ಕು ಯಾರದು? ಕಟ್ಟೆಯ ಮೇಲೆ ಕುಳಿತ ನಮ್ಮದೋ, ಏಟು ತಿಂದವರದೋ?

ಮಹಾಭಾರತದಲ್ಲಿ ಎಲ್ಲರಿಗಿಂತ ಕೆಟ್ಟ ಕೆಲಸ ಮಾಡಿದವನು ಯಾರೆಂದು ಕೇಳಿದರೆ ನಾನು ದುರ್ಯೋಧನನ ಹೆಸರು ಹೇಳುವುದಿಲ್ಲ. ಅಶ್ವತ್ಥಾಮ ಎನ್ನುತ್ತೇನೆ. ಯುದ್ಧ ಮುಗಿದ ಮೇಲೆ, ರಾತ್ರಿ ಮಲಗಿದ್ದ ಮಕ್ಕಳನ್ನು ಕೊಂದ. ಸಾಲದೆಂದು ಉತ್ತರೆಯ ಹೊಟ್ಟೆಯಲ್ಲಿದ್ದ ಕೂಸಿನ ಮೇಲೆ ಅಸ್ತ್ರ ಬಿಟ್ಟ. ವ್ಯಾಸಭಾರತದಲ್ಲಿ ಕೃಷ್ಣ ಅವನಿಗೆ ಸಾವನ್ನು ಕೊಡಲಿಲ್ಲ, ಮೂರು ಸಾವಿರ ವರ್ಷ ಒಬ್ಬನೇ ಅಲೆಯುವ ಶಾಪ ಕೊಟ್ಟ. ಆದರೆ ಭಾಗವತದಲ್ಲಿ ಇದೇ ಕಥೆಗೆ ಇನ್ನೊಂದು ಸಂದರ್ಭ ಸೇರಿದೆ. ಅರ್ಜುನ ಅಶ್ವತ್ಥಾಮನನ್ನು ಪಶುವಿನಂತೆ ಕಟ್ಟಿ ತಂದು ದ್ರೌಪದಿಯ ಮುಂದೆ ಕೆಡವುತ್ತಾನೆ. ಐದು ಮಕ್ಕಳನ್ನು ಕಳಕೊಂಡ ಆ ತಾಯಿ, ಬಿಡಿ ಇವನನ್ನು ಎನ್ನುತ್ತಾಳೆ. ನಾನು ಅಳುವ ಹಾಗೆ ಇವನ ತಾಯಿ ಕೃಪಿ ಅಳಬಾರದು ಎನ್ನುತ್ತಾಳೆ. ಭೀಮ ಒಪ್ಪುವುದಿಲ್ಲ, ಕೊಲ್ಲಲೇಬೇಕು ಎನ್ನುತ್ತಾನೆ. ಕೊನೆಗೆ ತಲೆಯ ಮಣಿ ಕಿತ್ತುಕೊಂಡು ಅಟ್ಟುತ್ತಾರೆ. ಗಮನಿಸಿ, ಅವನು ಒಳ್ಳೆಯವನು ಎಂದು ಅಲ್ಲಿ ಯಾರೂ ಹೇಳಲಿಲ್ಲ. ದ್ರೌಪದಿಯೂ ಹೇಳಲಿಲ್ಲ.

ನಮ್ಮ ಕಡೆ ಮೊಹರಂ ಬಂದರೆ ಹಿಂದೂ ಮುಸ್ಲಿಂ ಎನ್ನದೆ ಊರೆಲ್ಲ ಅಲಾಯಿ ಕುಣಿಯುತ್ತೇವೆ, ಕನ್ನಡದಲ್ಲೇ ರಿವಾಯತ್ ಪದ ಹಾಡುತ್ತೇವೆ. ಕರ್ಬಲಾದ ಯಜೀದನ ಪರವಾಗಿ ಮಾತಾಡಿದ ಒಬ್ಬನನ್ನೂ ನಾನು ಆ ರಾತ್ರಿಗಳಲ್ಲಿ ಕಂಡಿಲ್ಲ. ಆದರೆ ಅದೇ ಕರ್ಬಲಾದಲ್ಲಿ ಹುರ್ ಎಂಬ ಸೇನಾನಾಯಕನಿದ್ದ. ಇಮಾಮ್ ಹುಸೇನರ ದಾರಿಯನ್ನು ಮೊದಲು ಅಡ್ಡಗಟ್ಟಿದವನೇ ಅವನು. 680ರ ಆ ಯುದ್ಧದ ದಿನ ಬೆಳಿಗ್ಗೆ ಗೆಲ್ಲುವ ಸೈನ್ಯವನ್ನು ಬಿಟ್ಟು, ಸಾಯುವುದು ಖಾತ್ರಿಯಿದ್ದ ಹುಸೇನರ ಕಡೆ ಕುದುರೆ ತಿರುಗಿಸಿದ. ನನ್ನ ತಪ್ಪಿಗೆ ಕ್ಷಮೆಯುಂಟೆ ಎಂದು ಕೇಳಿದ. ಉಂಟು ಎಂದರು ಹುಸೇನರು. ಅಂದೇ ಅವರಿಗಾಗಿ ಹೋರಾಡಿ ಸತ್ತ. ನಾಗಚಂದ್ರನ ರಾವಣ 'ಆಮೇಲೆ' ಎಂದ, ಹುರ್ ಅನ್ನಲಿಲ್ಲ.

ಶರಣರ ನಾಡಿನಲ್ಲಿ ನಿಂತು ಕನ್ನದ ಮಾರಿತಂದೆಯನ್ನು ನೆನೆಯದೆ ಹೋಗಲಾಗದು. ಕನ್ನ ಕೊರೆದು ಕದಿಯುತ್ತಿದ್ದ ಕಳ್ಳ, ಹನ್ನೆರಡನೆಯ ಶತಮಾನದ ವಚನಕಾರರ ಸಾಲಿನಲ್ಲಿ ಇಂದಿಗೂ ಇದ್ದಾನೆ. ಹೆಸರಿನ ಮುಂದಿನ 'ಕನ್ನ'ವನ್ನು ಮಾತ್ರ ಯಾರೂ ಅಳಿಸಲಿಲ್ಲ. ಅದೇ ಕಾಲದ ಕೊಂಡಿ ಮಂಚಣ್ಣನ ಹೆಸರನ್ನೋ, ಬಿಜ್ಜಳನ ಕಿವಿಯಲ್ಲಿ ಚಾಡಿ ಹೇಳಿದವನೆಂದು ಇವತ್ತಿಗೂ ಊರ ಚಾಡಿಕೋರರಿಗೆಲ್ಲ ಇಡುತ್ತೇವೆ. ಬಿಜ್ಜಳನನ್ನಾದರೂ ಗಿರೀಶ ಕಾರ್ನಾಡರು 'ತಲೆದಂಡ'ದಲ್ಲಿ ರಕ್ತಮಾಂಸದ ಮನುಷ್ಯನನ್ನಾಗಿ ಮಾಡಿದರು. ಮಂಚಣ್ಣನಿಗೂ ಒಬ್ಬ ರನ್ನ ಸಿಗುತ್ತಾನೋ ಏನೋ, ನೋಡಬೇಕು.

ಈಗ ನನ್ನದೊಂದು ಮಾತು ಹೇಳಿ ಮುಗಿಸುತ್ತೇನೆ. ಇದನ್ನು ವೇದಿಕೆಯ ಮೇಲೆ ಎಂದೂ ಹೇಳಿರಲಿಲ್ಲ.

ಬಹಳ ಹಿಂದೆ, ನಾನಿದ್ದ ಶಾಲೆಯಲ್ಲಿ ಹತ್ತನೆಯ ಇಯತ್ತೆಯ ಹುಡುಗಿಯೊಬ್ಬಳ ಪರೀಕ್ಷಾ ಶುಲ್ಕದ ಹಣ ಕಳುವಾಯಿತು. ಅವಳ ತಾಯಿ ತೊಗರಿ ಕೊಯ್ಲಿಗೆ ಕೂಲಿ ಹೋಗಿ ಕೂಡಿಸಿದ್ದ ಹಣ. ಕದ್ದವನು ಅದೇ ತರಗತಿಯ ಹುಡುಗ. ಸಿಕ್ಕಿಬಿದ್ದ, ಒಪ್ಪಿಕೊಂಡ. ಹಣ ಖರ್ಚಾಗಿತ್ತು. ನಾನು ಎಲ್ಲರ ಮುಂದೆ ಅವನನ್ನು ನಿಲ್ಲಿಸಿ ಆ ಮಾತು ಅಂದೆ. ತಮಾಷೆಗೆ ಅಂದದ್ದಲ್ಲ, ಮನಸ್ಸಿನಿಂದಲೇ ಅಂದೆ. ನಿನಗೇಕೆ ಬೇಕಾಯಿತು ಆ ಹಣ ಎಂದು ಕೇಳಲಿಲ್ಲ. ಬಯಲಾಟದ ಸಾರಥಿ ರಾವಣನಿಗೂ ಕೇಳುವ ಪ್ರಶ್ನೆಯನ್ನು ನಾನು ಹದಿನೈದು ವರ್ಷದ ಹುಡುಗನಿಗೆ ಕೇಳಲಿಲ್ಲ. ಅಂದು ಮಧ್ಯಾಹ್ನ ಅದೇ ತರಗತಿಗೆ ಕನ್ನಡ ಪಾಠ ಮಾಡಿದೆ.

ಮರುದಿನದಿಂದ ಅವನು ಬರಲಿಲ್ಲ. ವಾರ ಕಳೆದ ಮೇಲೆ ಮನೆಗೆ ಹೋದೆ. ಪುಣೆಗೆ ಕಟ್ಟಡದ ಕೆಲಸಕ್ಕೆ ಹೋಗುವವರ ಜೊತೆ ಹೋಗಿಬಿಟ್ಟಿದ್ದ. ಅವನ ತಾಯಿ ಚಾಪೆ ಹಾಸಿ, ನೀರು ಕೊಟ್ಟು ಹೇಳಿದಳು: "ಕದ್ದಾನ, ಖರೆ ಅದ ಗುರುಗಳೆ. ಬಡೀಬೇಕಿತ್ತು, ನಾ ಬ್ಯಾಡ ಅಂತಿದ್ದಿಲ್ಲ. ಆದ್ರ ಉದ್ಧಾರ ಆಗಂಗಿಲ್ಲ ಅಂತ ನೀವೇ ಅಂದ್ರ ನಾ ಯಾರ ಬಲ್ಲಿ ಹೋಗಲಿ?"

ಹುಡುಗಿಯ ಶುಲ್ಕವನ್ನು ನಾವು ಮಾಸ್ತರುಗಳು ಕೂಡಿ ಕಟ್ಟಿದೆವು. ಅವಳು ಪಾಸಾದಳು. ಇವನು ಪರೀಕ್ಷೆಗೆ ಕೂರಲೇ ಇಲ್ಲ.

ನಾನು ನಿವೃತ್ತನಾದ ಮೇಲೆ ಒಂದು ಸಂಜೆ ಕಲಬುರಗಿ ಬಸ್‌ ನಿಲ್ದಾಣದಲ್ಲಿ ಒಬ್ಬ ಗಂಡಸು ಕಾಲಿಗೆ ಬಿದ್ದ. ತಲೆ ಅಲ್ಲಲ್ಲಿ ಬೆಳ್ಳಗಾಗಿತ್ತು, ಅಂಗೈಯಲ್ಲಿ ಸಿಮೆಂಟಿನ ಬಿರುಕು. ಜೊತೆಗೆ ಹೆಂಡತಿ, ಎರಡು ಮಕ್ಕಳು. ಗುರುತು ಸಿಗಲಿಲ್ಲ. ಹೆಸರು ಹೇಳಿದ. ಏನು ಮಾತಾಡಬೇಕೆಂದು ತೋಚದೆ ಮಕ್ಕಳ ಶಾಲೆಯ ಬಗ್ಗೆ ಕೇಳಿದೆ, ಮಳೆಯ ಬಗ್ಗೆ ಕೇಳಿದೆ. ಅವನು ಎಲ್ಲಕ್ಕೂ ಹೌದ್ರಿ, ಅಲ್ರಿ ಎಂದ. ಆಮೇಲೆ ಹೆಂಡತಿಗೆ ಕೇಳಿಸದ ಹಾಗೆ ಸ್ವಲ್ಪ ಹತ್ತಿರ ಬಂದು ಕೇಳಿದ:

"ಸರ್, ಆ ಹುಡುಗಿ ಪರೀಕ್ಷಾ ಬರದಳೇನ್ರಿ?"

ಬರೆದಳು, ಪಾಸಾದಳು, ಈಗ ಅಂಗನವಾಡಿ ನಡೆಸುತ್ತಾಳೆ ಎಂದೆ. ಅವನು ಒಂದು ಕ್ಷಣ ಕೆಳಗೆ ನೋಡಿದ. ನಾನು ಅಂದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವನ ಬಸ್ಸು ಬಂತು. ಕಿರಿಯ ಮಗುವನ್ನು ಕಿಟಕಿಯಿಂದ ಒಳಗೆ ಬಿಟ್ಟು ಸೀಟು ಹಿಡಿಸಿದ, ಗಂಟು ಎತ್ತಿಕೊಂಡ. ಹತ್ತುವಾಗ ಒಮ್ಮೆ ತಿರುಗಿ ಕೈಮುಗಿದ. ನಾನೂ ಮುಗಿದೆ.