ಬಾಟಲಿ ನಂಬರು 53 ಎನ್

2022ರ ಜನವರಿಯಲ್ಲಿ, ಸಂಕ್ರಾಂತಿಯ ಆಜೂಬಾಜೂ, ನಮ್ಮ ರಾಮದುರ್ಗ ತಾಲೂಕಿನಲ್ಲಿ, ಸಾಲಹಳ್ಳಿ ಆರೋಗ್ಯ ಕೇಂದ್ರದ ವ್ಯಾಪ್ತಿಯೊಳಗೆ, ದಡಾರ-ರುಬೆಲ್ಲಾ ಸೂಜಿ ಮಾಡಿಸಿಕೊಂಡ ಮೂರು ಕೂಸುಗಳು ತೀರಿಹೋದವು. ಇಂಥ ಸುದ್ದಿ ಕೇಳಿದ ಯಾವ ತಾಯಿಗೂ ಹುಟ್ಟುವ ಪ್ರಶ್ನೆ ಒಂದೇ: ಸೂಜಿ ಮಾಡಿಸಬೇಕೋ, ಬ್ಯಾಡೋ? ಆಗ ತಿಳಿದವರು ಹೇಳುವ ಮಾತೂ ಒಂದೇ: ಲಕ್ಷಕ್ಕೊಂದು ಹೀಗಾಗುತ್ತದೆ, ಲಾಭವೇ ಹೆಚ್ಚು, ಹೆದರಬೇಡಿ. ಲಸಿಕೆಯ ಮಟ್ಟಿಗೆ ಆ ಮಾತು ನಿಜ. ಆದರೆ ರಾಮದುರ್ಗದ ಮೂರು ಕೂಸುಗಳ ಮಟ್ಟಿಗೆ ಅದು ಉತ್ತರವೇ ಅಲ್ಲ. ಯಾಕೆ ಅಂತ ಹೇಳಬೇಕಾದರೆ ನೂರಿಪ್ಪತ್ತಕ್ಕೂ ಹೆಚ್ಚು ವರ್ಷ ಹಿಂದಕ್ಕೆ, ಪ್ಲೇಗಿನ ಕಾಲಕ್ಕೆ ಹೋಗಬೇಕು.

ಒಡೆಸ್ಸಾ ಊರಿನಲ್ಲಿ ಹುಟ್ಟಿದ ಯಹೂದಿ ವಿಜ್ಞಾನಿ ವಾಲ್ಡೆಮಾರ್ ಹಾಫ್‌ಕಿನ್. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದಾಗ ಸರಕಾರ ಈ ಮನುಷ್ಯನನ್ನು ಕರೆಸಿತು. ಗ್ರ್ಯಾಂಟ್ ಮೆಡಿಕಲ್ ಕಾಲೇಜಿನ ಇಕ್ಕಟ್ಟು ಜಾಗದಲ್ಲಿ ಕೂತು ಮೂರೇ ತಿಂಗಳಲ್ಲಿ ಲಸಿಕೆ ಕಟ್ಟಿದ, 1897ರ ಜನವರಿ 10ರಂದು ಮೊದಲ ಸೂಜಿಯನ್ನು ತನಗೇ ಚುಚ್ಚಿಸಿಕೊಂಡ! ಮರುವರ್ಷ ಪ್ಲೇಗು ನಮ್ಮ ಹುಬ್ಬಳ್ಳಿ-ಧಾರವಾಡಕ್ಕೆ ಬಂತು. ಹುಬ್ಬಳ್ಳಿಯಲ್ಲಿ ಲ್ಯೂಮನ್ ಎಂಬ ಸೈನ್ಯದ ವೈದ್ಯ ಸಾವಿರ ಸಾವಿರ ಜನರಿಗೆ ಈ ಸೂಜಿ ಚುಚ್ಚಿ, ಚುಚ್ಚಿಸಿಕೊಂಡವರಲ್ಲಿ ಎಷ್ಟು ಸಾವು, ಉಳಿದವರಲ್ಲಿ ಎಷ್ಟು ಅಂತ ಲೆಕ್ಕ ಇಟ್ಟ. ಚುಚ್ಚಿಸಿಕೊಂಡವರಿಗೆ ಒಂದೆರಡು ದಿನ ಜ್ವರ ಬರುತ್ತಿತ್ತು, ತೋಳು ನೋಯುತ್ತಿತ್ತು, ರಕ್ಷಣೆಯೂ ಪೂರ್ತಿ ಸಿಗುತ್ತಿರಲಿಲ್ಲ. ಆದರೂ ಅವರಲ್ಲಿ ಪ್ಲೇಗಿನ ಸಾವು ಎದ್ದು ಕಾಣುವಷ್ಟು ಕಡಿಮೆ. ಲಾಭ-ನಷ್ಟವನ್ನು ತಕ್ಕಡಿಗೆ ಹಾಕಿ ತೂಗುವ ವಿದ್ಯೆಯನ್ನು ನಮ್ಮ ಸೀಮೆಯೇ ಅಷ್ಟು ಹಿಂದೆ ಜಗತ್ತಿಗೆ ತೋರಿಸಿತ್ತು ಅನ್ನುವುದು ಎಷ್ಟು ಜನಕ್ಕೆ ನೆನಪಿದೆ?

ಆಮೇಲೆ ಬಂತು ಅನಾಹುತ. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನ ಸೂಜಿ ಮಾಡಿಸಿಕೊಂಡರು. ಅವರಲ್ಲಿ 19 ಜನ ಧನುರ್ವಾಯುವಿನಿಂದ ಸತ್ತರು. ಆ ದಿನ ಐದು ಬಾಟಲಿ ಬಳಸಿದ್ದರು. ಸತ್ತ 19 ಜನರಿಗೂ ಹೋದದ್ದು ಒಂದೇ ಬಾಟಲಿಯ ಮದ್ದು, ನಂಬರು 53 ಎನ್. ಉಳಿದ ನಾಲ್ಕು ಬಾಟಲಿಯವರಿಗೆ ಏನೂ ಆಗಲಿಲ್ಲ. ವಿಚಾರಣಾ ಆಯೋಗ ಲಸಿಕೆ ತಯಾರಿಸಿದ ಹಾಫ್‌ಕಿನ್‌ನ ಪ್ರಯೋಗಾಲಯದ ಮೇಲೆ ಬೆರಳು ತೋರಿಸಿತು, ಹಾಫ್‌ಕಿನ್ ಕೆಲಸ ಕಳೆದುಕೊಂಡ. ಆದರೆ ಕಡತದೊಳಗೇ ಬೇರೆ ಸಾಕ್ಷಿ ಇತ್ತು. ಬಾಟಲಿಯ ಬೂಚು ತೆಗೆಯುವ ಇಕ್ಕಳ ಸಹಾಯಕನ ಕೈಯಿಂದ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧಿ ಮಾಡದೆ ಮತ್ತೆ ಬಳಸಿದ್ದರು. ಧನುರ್ವಾಯುವಿನ ಸೂಕ್ಷ್ಮಾಣು ಇರುವುದೇ ಮಣ್ಣಿನಲ್ಲಿ. ಅದು ಮೊದಲೇ ಬಾಟಲಿಯೊಳಗೆ ಬೆಳೆದಿದ್ದರೆ ಮದ್ದು ನಾರಬೇಕಿತ್ತು, ತೆರೆದವರಿಗೆ ಯಾವ ನಾತವೂ ಬಡಿದಿರಲಿಲ್ಲ. ಮಲೇರಿಯಾ ಖ್ಯಾತಿಯ ರೊನಾಲ್ಡ್ ರಾಸ್ ಮತ್ತಿತರ ವಿಜ್ಞಾನಿಗಳು ಪತ್ರಿಕೆಯಲ್ಲಿ ಬರೆದು ಬರೆದು, 1907ರಲ್ಲಿ ಆತನ ಮೇಲಿನ ಕಳಂಕ ಹೋಯಿತು. ಅಷ್ಟರಲ್ಲಿ ಐದು ವರ್ಷ ಕಳೆದಿತ್ತು. ಪ್ಲೇಗು ಆ ಐದು ವರ್ಷವೂ ಸುಮ್ಮನೆ ಕೂತಿರಲಿಲ್ಲ, ಆ ಹಾವಳಿ ತಗ್ಗುವ ಹೊತ್ತಿಗೆ ಈ ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜನ ಸತ್ತಿದ್ದರು. ನೆನೆದರೆ ಹೊಟ್ಟೆ ಉರಿಯುತ್ತದೆ.

ನಾನು ಹೇಳಬೇಕೆಂದಿರುವುದು ಇಷ್ಟೇ. ಲಸಿಕೆಯಿಂದ ಆಗುವ ಕೆಡುಕು ಎರಡು ಬಗೆ: ಒಂದು ಮದ್ದಿನ ಗುಣದಿಂದ ಬರುವುದು, ಇನ್ನೊಂದು ಕೈಯ ತಪ್ಪಿನಿಂದ ಬರುವುದು. ತಕ್ಕಡಿಗೆ ಹಾಕಬೇಕಾದದ್ದು ಮೊದಲನೆಯದನ್ನು ಮಾತ್ರ, ಹಾಕಿಯೇ ನೋಡೋಣ. ದಡಾರಕ್ಕೆ, ನಮ್ಮ ಕಡೆ ಗೊಬ್ಬರ ಅಂತಾರಲ್ಲ ಅದಕ್ಕೆ, ಲಸಿಕೆ ವ್ಯಾಪಕವಾಗಿ ಬರುವ ಮುಂಚೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 26 ಲಕ್ಷ ಜನ ಬಲಿಯಾಗುತ್ತಿದ್ದರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಒಳ್ಳೆಯ ಆಸ್ಪತ್ರೆ ಇರುವ ದೇಶದಲ್ಲೂ ಸಾವಿರ ರೋಗಿಗಳಲ್ಲಿ ಒಬ್ಬಿಬ್ಬರು ಸಾಯುತ್ತಾರೆ, ಸುಮಾರು ಒಬ್ಬರಿಗೆ ಮೆದುಳು ಬಾಯುತ್ತದೆ. ಇತ್ತ ಲಸಿಕೆಯಿಂದ ಮೂರು-ನಾಲ್ಕು ಸಾವಿರಕ್ಕೆ ಒಂದು ಮಗುವಿಗೆ ಜ್ವರದ ಫಿಟ್ಸ್ ಬರಬಹುದು, ಅದು ಸಾಮಾನ್ಯವಾಗಿ ಗುರುತು ಉಳಿಸದೆ ಹೋಗುತ್ತದೆ. ಮೂವತ್ತು-ನಲವತ್ತು ಸಾವಿರಕ್ಕೆ ಒಂದು ಮಗುವಿಗೆ ಪ್ಲೇಟ್‌ಲೆಟ್ ಇಳಿಯಬಹುದು. ತೀವ್ರ ಅಲರ್ಜಿ ಹತ್ತು ಲಕ್ಷಕ್ಕೆ ಕೆಲವೇ ಮಕ್ಕಳಿಗೆ. ತಕ್ಕಡಿ ಯಾವ ಕಡೆ ವಾಲುತ್ತದೆ ಅನ್ನುವುದಕ್ಕೆ ಪಂಡಿತರು ಬೇಕಿಲ್ಲ.

ಎರಡನೆಯ ಬಗೆಯ ಕೆಡುಕನ್ನು ಮಾತ್ರ ತಕ್ಕಡಿಯ ಹತ್ತಿರಕ್ಕೂ ತರಬಾರದು. ದಡಾರ ಲಸಿಕೆ ಬರುವುದು ಒಣ ಪುಡಿಯಾಗಿ, ಜೊತೆಗಿರುವ ದ್ರವ ಬೆರೆಸಿ ಕೊಡಬೇಕು. ಅದರಲ್ಲಿ ಕೆಡದಂತೆ ಕಾಯುವ ಮದ್ದು ಇಲ್ಲ. ಬೆರೆಸಿದ ಮೇಲೆ 2ರಿಂದ 8 ಡಿಗ್ರಿ ತಂಪಿನಲ್ಲಿಟ್ಟು ನಾಲ್ಕು ತಾಸಿನೊಳಗೆ ಮುಗಿಸಬೇಕು, ಉಳಿದದ್ದನ್ನು ಚೆಲ್ಲಬೇಕು. ಇಲ್ಲದಿದ್ದರೆ ಹೊರಗಿನಿಂದ ಸೇರಿದ ಸೂಕ್ಷ್ಮಾಣು ಅಲ್ಲೇ ಬೆಳೆದು ವಿಷ ಉಗುಳಬಹುದು. ರಾಮದುರ್ಗದ ಪ್ರಕರಣದಲ್ಲಿ ಲಸಿಕೆಯನ್ನು ಹೋಟೆಲೊಂದರ ಫ್ರಿಜ್ಜಿನಲ್ಲಿ ಇಡಲಾಗಿತ್ತೆಂದು ಪ್ರಾಥಮಿಕ ತನಿಖೆಯ ಬಳಿಕ ಅಧಿಕಾರಿಗಳು ಹೇಳಿದರು, ಇಬ್ಬರು ಸಿಬ್ಬಂದಿ ಅಮಾನತಾದರು. 1928ರಲ್ಲಿ ಆಸ್ಟ್ರೇಲಿಯಾದ ಬಂಡಬರ್ಗ್‌ನಲ್ಲಿ ಗಂಟಲಮಾರಿ ಲಸಿಕೆಯ ಒಂದು ಬಾಟಲಿ ಹೀಗೇ ಕೆಟ್ಟು 12 ಮಕ್ಕಳು ಸತ್ತಿದ್ದರು. 2017ರಲ್ಲಿ ದಕ್ಷಿಣ ಸುಡಾನಿನಲ್ಲಿ ದಡಾರ ಲಸಿಕೆಯನ್ನು ತಂಪಿಲ್ಲದೆ ಇಟ್ಟು, ಒಂದೇ ಸಿರಿಂಜನ್ನು ದಿನಗಟ್ಟಲೆ ಬಳಸಿ 15 ಮಕ್ಕಳನ್ನು ಕಳೆದುಕೊಂಡರು. ಇವುಗಳನ್ನು 'ಅಪರೂಪದ ಅಡ್ಡಪರಿಣಾಮ' ಅಂದರೆ ತಪ್ಪು ಮಾಡಿದವರಿಗೆ ಮರೆ ಸಿಗುತ್ತದೆ, ತಪ್ಪು ಮಾಡದ ಲಸಿಕೆಗೆ ಕೆಟ್ಟ ಹೆಸರು ಬರುತ್ತದೆ.

ಮಗು ಕಳೆದುಕೊಂಡ ಮನೆಗೆ ಈ ಭೇದ ಕಟ್ಟಿಕೊಂಡು ಏನಾಗಬೇಕು ಅಂತ ಕೇಳಬಹುದು. ನ್ಯಾಯದ ಮಾತೇ. ಎಲ್ಲರ ಒಳಿತಿಗಾಗಿ ಕೊಟ್ಟ ಸೂಜಿಯಿಂದ ಒಂದು ಮನೆ ನೊಂದರೆ ಆ ಭಾರ ಎಲ್ಲರೂ ಹೊರಬೇಕು. ಬ್ರಿಟನ್ನು 1979ರಲ್ಲಿ, ಅಮೆರಿಕ 1986ರಲ್ಲಿ ಇದಕ್ಕೆಂದೇ ಪರಿಹಾರದ ಕಾಯ್ದೆ ಮಾಡಿದವು. ಹಾಗಾದರೆ ಕೈಯ ತಪ್ಪು ಪೂರ್ತಿ ನಿಲ್ಲುವವರೆಗೆ ಸೂಜಿ ಬ್ಯಾಡ ಅನ್ನೋಣವೇ? ಹೆದರಿ ಸೂಜಿ ಬಿಟ್ಟರೆ ಏನಾಗುತ್ತದೆ ಅನ್ನುವುದನ್ನೂ ಒಂದು ದೇಶ ಕಂಡಿದೆ. 1970ರ ದಶಕದ ನಡುವೆ ಬ್ರಿಟನ್ನಿನಲ್ಲಿ ನಾಯಿಕೆಮ್ಮಿನ ಲಸಿಕೆ ಮೆದುಳಿಗೆ ಕೆಡುಕೆಂಬ ಭೀತಿ ಹಬ್ಬಿ, ನೂರಕ್ಕೆ ಎಂಬತ್ತರ ಹತ್ತಿರ ಇದ್ದ ಪ್ರಮಾಣ ಮೂವತ್ತರ ಆಜೂಬಾಜೂ ಕುಸಿಯಿತು. ರೋಗ ಮರಳಿ ಬಂದು ಲಕ್ಷಕ್ಕೂ ಮೀರಿ ಮಕ್ಕಳನ್ನು ಹಿಡಿಯಿತು. ಮಿಕ್ಕವರೆಲ್ಲ ಮಾಡಿಸಲಿ, ನಮ್ಮ ಕೂಸಿಗೆ ಬ್ಯಾಡ ಅನ್ನುವವರೂ ಇದ್ದಾರೆ. ದಡಾರ ತಡೆಯಲು ನೂರಕ್ಕೆ 95 ಮಕ್ಕಳಿಗೆ ಸೂಜಿ ಆಗಿರಬೇಕು. ನೂರರಲ್ಲಿ ಹತ್ತು ಮನೆ ಹೀಗೆ ಯೋಚಿಸಿದರೆ ಆ ರಕ್ಷಣೆಯ ಬೇಲಿ ಮುರಿಯಿತು.

ಆದ್ದರಿಂದ ಸೂಜಿ ಮಾಡಿಸಿ, ಪ್ರಶ್ನೆ ಕೇಳಿ ಮಾಡಿಸಿ. ಬಾಟಲಿ ಯಾವಾಗ ಬೆರೆಸಿದ್ದು, ಆ ಹೊತ್ತನ್ನು ಅದರ ಮೇಲೆ ಬರೆದಿದ್ದೀರಾ, ಐಸ್ ಪ್ಯಾಕಿನ ಡಬ್ಬಿಯಿಂದ ತೆಗೆದಿರಾ, ಸಿರಿಂಜು ಹೊಸದಾ ಅಂತ ನಮ್ಮ ಅಕ್ಕ-ತಂಗಿಯರು ಕೇಳಬೇಕು. ಆಮೇಲೆ ಅರ್ಧ ತಾಸು ಅಲ್ಲೇ ಕೂರಬೇಕು. ಚೊಕ್ಕ ಕೆಲಸ ಮಾಡುವ ನರ್ಸಮ್ಮನಿಗೆ ಈ ಪ್ರಶ್ನೆಗಳಿಂದ ಬೇಸರವಾಗದು, ಉಳಿದವರಿಗೆ ಸ್ವಲ್ಪ ಬೇಸರ ಆಗುವುದೇ ಒಳ್ಳೆಯದು.